ರಾಣಿ ತುರುಬು ಬೇಕು ಅಂತ ಬರೋರಿಗೆ: ಗೆರೆ ತಗೊಳ್ಳಿ, ಭಾರ ತಗೋಬೇಡಿ

ಮದುವೆ ಸೀಸನ್ ಹತ್ತಿರ ಬಂತು ಅಂದ್ರೆ ನಮ್ಮ ಮಡಿಕೇರಿ ಪಾರ್ಲರಿಗೆ ಬರೋ ಹೆಣ್ಮಕ್ಕಳ ಫೋನಲ್ಲಿ ಒಂದು ಫೋಟೋ ಇದ್ದೇ ಇರತ್ತೆ. ಕೆಲವರು ಬೇಲೂರಿನ ಮದನಿಕೆ ತೋರಿಸ್ತಾರೆ, ಕೆಲವರು ಯುರೋಪಿನ ಮಹಾರಾಣಿ, ಈಚೆಗೆ ನಮ್ಮ ಕೊಡಗಿನ ರಾಜಕುಮಾರಿ ಗೌರಮ್ಮನ ಪೇಂಟಿಂಗ್ ತರೋರೂ ಇದ್ದಾರೆ. "ಅಕ್ಕ, ಹೀಗೇ ಬೇಕು, ಆದ್ರೆ ಹಳೇ ಕಾಲದ್ದು ಅನ್ನಿಸಬಾರದು" ಅಂತಾರೆ. ಕೇಳೋದ್ರಲ್ಲಿ ತಪ್ಪೇನಿಲ್ಲ, ನನಗೂ ಅದೇ ಇಷ್ಟದ ಕೆಲಸ. ಆದ್ರೆ ಮೊದಲೇ ಒಂದು ಮಾತು ಹೇಳಿಬಿಡ್ತೀನಿ, ರಾಜಮನೆತನದ ಕೇಶಾಲಂಕಾರದಿಂದ ಒಂದು ಗೆರೆ ತಗೊಳ್ಳಿ, ಅದರ ಭಾರ ತಗೋಬೇಡಿ. ಬೈತಲೆಯ ಗೆರೆ ಇರಬಹುದು, ಕಿವಿ ಮೇಲೆ ಕೂದಲು ಇಳಿಯೋ ಗೆರೆ ಇರಬಹುದು, ತುರುಬಿನ ಹೊರಗೆರೆ ಇರಬಹುದು, ಯಾವುದಾದ್ರೂ ಒಂದು. ಮೂರೂ ಒಟ್ಟಿಗೆ ಹಾಕಿದ್ರೆ ಅದು ನಾಟಕದ ವೇಷ ಆಗತ್ತೆ, ನಿಮ್ಮ ಮುಖ ಅದರೊಳಗೆ ಕಳೆದುಹೋಗತ್ತೆ.

ಗೌರಮ್ಮನ ಚಿತ್ರನೇ ನೋಡಿ. ಈಕೆ ನಮ್ಮ ಕೊನೇ ರಾಜ ಚಿಕ್ಕವೀರರಾಜೇಂದ್ರನ ಮಗಳು, 1834ರಲ್ಲಿ ಬ್ರಿಟಿಷರು ರಾಜ್ಯ ಕಿತ್ಕೊಂಡ ಮೇಲೆ ರಾಜ ಕಾಶಿಲಿದ್ದಾಗ 1841ರಲ್ಲಿ ಹುಟ್ಟಿದವಳು, 1852ರಲ್ಲಿ ಅಪ್ಪನ ಜೊತೆ ಲಂಡನ್ನಿಗೆ ಹೋದಳು, ವಿಕ್ಟೋರಿಯಾ ರಾಣಿನೇ ಆಕೆಗೆ ಧರ್ಮಮಾತೆ ಆದ್ರು, ಅದೇ ವರ್ಷ ಆಸ್ಥಾನದ ಮೆಚ್ಚಿನ ಚಿತ್ರಕಾರ ವಿಂಟರ್‌ಹಾಲ್ಟರ್ ಆಕೆಯ ಚಿತ್ರ ಬರೆದ. ಅಂದ್ರೆ ಆ ಚಿತ್ರದಲ್ಲಿರೋದು ಹನ್ನೊಂದು ವರ್ಷದ ಮಗು! ಇದನ್ನ ಯಾರೂ ಲೆಕ್ಕಕ್ಕೆ ಇಟ್ಕೊಳ್ಳಲ್ಲ. ಮಗುವಿನ ಮುಖಕ್ಕೆ ಹೊಂದೋ ಅಳತೆ ಇಪ್ಪತ್ತೇಳರ ಹುಡುಗಿ ಮುಖಕ್ಕೆ ಹೊಂದಲ್ಲ, ಒಡವೆ ಸೈಜಿನಿಂದ ಹಿಡಿದು ಎಲ್ಲ ಬದಲಾಗತ್ತೆ. ಹಾಗಾಗಿ ಗೌರಮ್ಮನ ಥರ ಬೇಕು ಅಂದೋರಿಗೆ ನಾನು ಆ ಚಿತ್ರಕ್ಕಿಂತ ಹೆಚ್ಚು ಆ ಕಾಲ ತಗೋತೀನಿ. ಆ ದಶಕದಲ್ಲಿ ಇಂಗ್ಲೆಂಡಿನ ಆಸ್ಥಾನದಲ್ಲಿ ವಿಕ್ಟೋರಿಯಾ ರಾಣಿ ಸಮೇತ ಎಲ್ರದ್ದೂ ನೆಟ್ಟಗೆ ನಡು ಬೈತಲೆ, ಎರಡೂ ಕಡೆ ಕೂದಲು ನಯವಾಗಿ ಕಿವಿ ಮೇಲೆ ಇಳಿದು ಹಿಂದಕ್ಕೆ ಹೋಗೋದು. ನಮ್ಮ ಅಜ್ಜಿಯಂದಿರದ್ದೂ ನಡು ಬೈತಲೆನೇ ತಾನೆ, ಹಾಗಾಗಿ ಈ ಗೆರೆ ನಮ್ಮ ಮುಖಕ್ಕೆ ಹೊರಗಿನದ್ದು ಅನ್ನಿಸಲ್ಲ. ಇದನ್ನ ಈಗಿನದ್ದು ಮಾಡೋಕೆ ನಾನು ಮಾಡೋದಿಷ್ಟೇ, ಕಿವಿಯನ್ನ ಪೂರ್ತಿ ಮುಚ್ಚದೆ ಕಿವಿಯ ಮೇಲ್ತುದಿಗೆ ತಾಗೋ ಹಾಗೆ ಎರಡೆಳೆ ಹುರಿ ಹೊಸೆದು ಹಿಂಗತ್ತಿಗೆ ತರ್ತೀನಿ, ಓಲೆ ಜುಮುಕಿ ಕಾಣಬೇಕಲ್ಲ. ಅಗಲ ಹಣೆಯವರಿಗೆ ಬೈತಲೆ ತುದೀಲಿ ಎರಡು ಎಳೆ ಸಡಿಲ ಬಿಟ್ರೆ ಸಾಕು.

ಇದೇ ವಿಂಟರ್‌ಹಾಲ್ಟರ್ 1865ರಲ್ಲಿ ಆಸ್ಟ್ರಿಯಾದ ಮಹಾರಾಣಿ ಎಲಿಜಬೆತ್ ಚಿತ್ರ ಬರೆದ, ಕೂದಲ ತುಂಬಾ ವಜ್ರದ ನಕ್ಷತ್ರ ಚುಚ್ಚಿರೋದು, ನೀವೆಲ್ಲ ನೋಡೇ ಇರ್ತೀರಿ. ಮಾರುದ್ದದ ಕೂದಲು ಆಕೆಯದ್ದು, ಬಾಚಿ ಹೆಣೆಯೋಕೆ ದಿನಾ ಎರಡು ಮೂರು ಗಂಟೆ ಹಿಡೀತಿತ್ತು, ಫ್ಯಾನಿ ಫೈಫಾಲಿಕ್ ಅಂತ ಅದಕ್ಕೇ ಒಬ್ಬ ಕೇಶಕಲಾವಿದೆ ಇದ್ಳು. ಕೂದಲ ಭಾರಕ್ಕೆ ಮಹಾರಾಣಿಗೆ ತಲೆನೋವು ಬರ್ತಿತ್ತು ಅನ್ನೋದೂ ದಾಖಲಾಗಿದೆ. ಚಿತ್ರದಲ್ಲಿ ನಕ್ಷತ್ರ ಕಾಣತ್ತೆ, ತಲೆನೋವು ಕಾಣಲ್ಲ. ಸ್ವಂತ ಕೂದಲಿಗೇ ಹಾಗಾದ್ರೆ ಎರಡು ಚೌರಿ ಸೇರಿಸಿ ಮೇಲೆ ಜಡೆಬಿಲ್ಲೆ ಹೊರಿಸಿದ್ರೆ ಏನಾಗಬೇಡ. ಆಕೆಯಿಂದ ನಾನು ತಗೊಳ್ಳೋದು ಒಡವೆನ ಚದುರಿಸಿ ಇಡೋ ಕ್ರಮ. ಒಂದೇ ದೊಡ್ಡ ಬಿಲ್ಲೆ ಬದಲು ಐದಾರು ಸಣ್ಣ ಹಗುರ ಪಿನ್‌ಗಳನ್ನ ತುರುಬಿನ ಮೇಲೆ ಬೇರೆಬೇರೆ ದೂರದಲ್ಲಿ ಇಟ್ರೆ ಭಾರ ಒಂದೇ ಕಡೆ ಬೀಳಲ್ಲ, ನೋಡೋಕೂ ಹೊಸತು.

ಕೂದಲು ಗಿಡ್ಡ ಇದೆ, ರಾಣಿ ಲುಕ್ ನನಗಾಗಲ್ಲ ಅಂತ ಬೇಜಾರಾಗೋರಿಗೆ ಒಂದು ವಿಷಯ. ಗೋಪುರದ ಹಾಗೆ ತಂತಿ, ಉಣ್ಣೆ, ಪೌಡರ್ ಹಾಕಿ ಕೂದಲು ಏರಿಸ್ತಿದ್ದ ಫ್ರಾನ್ಸಿನ ಮೇರಿ ಆಂಟೊನೆಟ್ ರಾಣಿಗೆ 1781ರಲ್ಲಿ ಹೆರಿಗೆ ಆದ ಮೇಲೆ ಕೂದಲು ಉದುರೋಕೆ ಶುರುವಾಯ್ತು, ಕೇಶಕಲಾವಿದ ಲಿಯೊನಾರ್ ಗಿಡ್ಡ ಮಾಡಿ ಕತ್ತರಿಸಿದ, ಅದೂ ಫ್ಯಾಷನ್ ಆಯ್ತು. ಭುಜದವರೆಗೆ ಕೂದಲಿದ್ರೂ ಹಿಂಗತ್ತಿನಲ್ಲಿ ಚಂದದ ತುರುಬು ಆಗತ್ತೆ, ನಂಬಿ.

ಈಗ ಬೇಲೂರಿಗೆ ಬರೋಣ. ವಿಷ್ಣುವರ್ಧನ ಕಟ್ಟಿಸಿದ ಚೆನ್ನಕೇಶವ ದೇವಸ್ಥಾನ, 1117ರದ್ದು. ಅಲ್ಲಿನ ಮದನಿಕೆಯರ ಕೂದಲು ಇಷ್ಟು ನಾಜೂಕಾಗಿ ಬಂದಿರೋದು ಕಲ್ಲಿನ ಗುಣದಿಂದಾನೂ ಹೌದು, ಬಳಪದ ಕಲ್ಲು ಗಣಿಯಿಂದ ತೆಗೆದಾಗ ಮೆತ್ತಗಿದ್ದು ಆಮೇಲೆ ಗಟ್ಟಿಯಾಗತ್ತೆ, ಹಾಗಾಗಿ ಒಂದೊಂದು ಗುಂಗುರನ್ನೂ ಕೆತ್ತೋಕಾಯ್ತು. ಕೆಲವು ಶಿಲ್ಪಗಳಲ್ಲಿ ದೊಡ್ಡ ತುರುಬು ಒಂದು ಪಕ್ಕಕ್ಕೆ ವಾಲಿರತ್ತೆ, ಆ ವಾಲಿಕೆ ನನಗೆ ತುಂಬಾ ಇಷ್ಟ. ಅದೇ ಸೈಜಿನ ತುರುಬನ್ನ ಅಷ್ಟು ಪಕ್ಕಕ್ಕೆ ನಿಜವಾದ ತಲೆ ಮೇಲೆ ಕಟ್ಟಿದ್ರೆ ಗಂಟೆಯೊಳಗೆ ಕತ್ತು ಎಳೆಯೋಕೆ ಶುರುವಾಗತ್ತೆ. ಅದಕ್ಕೆ ನಾನು ನಡುವಿನಿಂದ ಎರಡು ಬೆರಳಷ್ಟೇ ಎಡಕ್ಕೆ ಸರಿಸ್ತೀನಿ, ಒಳಗೆ ಹಗುರ ಜಾಳಿಗೆಯ ಡೋನಟ್, ಅಂದ್ರೆ ಬಳೆಯಾಕಾರದ ಮೆತ್ತೆ, ಇಡ್ತೀನಿ, ಮೇಲೆ ಸಣ್ಣ ಸಣ್ಣ ಸುರುಳಿ ಸುತ್ತಿ ಕೂರಿಸ್ತೀನಿ. ಎರಡು ಬೆರಳು ಸಾಕು, ಪಕ್ಕದಿಂದ ತೆಗೆದ ಫೋಟೋದಲ್ಲಿ ಆ ಶಿಲ್ಪದ ನೆನಪು ಬಂದೇ ಬರತ್ತೆ.

ತುರುಬು ನಿಲ್ಲೋದು ಸ್ಪ್ರೇಯಿಂದ ಅಲ್ಲ, ಬುಡದಿಂದ. ಮೆಣಸಿನ ಬಳ್ಳಿಗೆ ಸಿಲ್ವರ್ ಓಕ್ ಮರ ಇದ್ದ ಹಾಗೆ ಪಿನ್ನಿಗೂ ಹಿಡ್ಕೊಳ್ಳೋಕೆ ಒಂದು ಆಧಾರ ಬೇಕು. ಹಿಂಗತ್ತಿನ ಹತ್ತಿರ ಒಂದು ಸಣ್ಣ ಭಾಗ ತಗೊಂಡು ಜಡೆ ಹೆಣೆದು ಚಪ್ಪಟೆಯಾಗಿ ಸುತ್ತಿ ಅಲ್ಲೇ ಪಿನ್ ಮಾಡಿದ್ರೆ ಅದೇ ಆಧಾರ, ಉಳಿದದ್ದೆಲ್ಲ ಅದರ ಮೇಲೆ. ಕಪ್ಪು ಪಿನ್ನಿನ ಅಂಕುಡೊಂಕು ಕಡೆ ನೆತ್ತಿಯ ಚರ್ಮದ ಕಡೆಗೆ ಇರಬೇಕು, ತುಂಬಾ ಜನ ಉಲ್ಟಾ ಹಾಕ್ತಾರೆ. ಒಂದರ ಮೇಲೊಂದು ಅಡ್ಡ ಹಾಕಿದ ಎರಡು ಪಿನ್ ನೆಟ್ಟಗೆ ಹಾಕಿದ ಆರು ಪಿನ್ನಿಗಿಂತ ಗಟ್ಟಿ. ತಲೆಸ್ನಾನ ಹಿಂದಿನ ದಿನ ಮಾಡಿ, ಅವತ್ತೇ ಬೆಳಗ್ಗೆ ಶಾಂಪೂ ಕಂಡೀಷನರ್ ಹಾಕಿ ಬಂದ್ರೆ ಪಿನ್ ಜಾರ್ತಾ ಇರತ್ತೆ.

ಇಷ್ಟೆಲ್ಲ ಯಾವ ಊರಿನವರಿಗಾದ್ರೂ ಹೇಳಬಹುದು. ಕೊಡಗಿನ ಮದುವೆ ಬೇರೆ. ಚಿತ್ರದ ರಾಣಿ ಸುಮ್ಮನೆ ಕೂತಿರ್ತಾಳೆ, ನಮ್ಮ ಕೊಡವ ಮದುಮಗಳು ಗಂಗಾಪೂಜೆಯಲ್ಲಿ ನೀರಿನ ಕೊಡ ತಲೆ ಮೇಲೆ ಹೊತ್ತು ನಿಲ್ಲಬೇಕು, ಎದುರಿಗೆ ಗಂಡಿನ ಕಡೆಯವರು ವಾಲಗಕ್ಕೆ ಕುಣೀತಾ ದಾರಿ ಬಿಡದೆ ಇದ್ರೆ ಅದು ಎಷ್ಟು ಹೊತ್ತು ಅಂತ ಯಾರಿಗೂ ಗೊತ್ತಿರಲ್ಲ! ನೆತ್ತಿ ಮೇಲೆ ಎತ್ತರದ ತುರುಬೋ ಪಫ್ಫೋ ಇದ್ರೆ ಸಿಂಬಿ ಎಲ್ಲಿ ಕೂರತ್ತೆ, ಕೊಡ ಎಲ್ಲಿ ನಿಲ್ಲತ್ತೆ. ಅದಕ್ಕೂ ಮೊದಲು ಮುಹೂರ್ತದಲ್ಲಿ ಬಂದವರೆಲ್ಲ ಒಬ್ಬೊಬ್ಬರಾಗಿ ಅಕ್ಕಿ ಹಾಕಿ, ಕಿಂಡಿ ಅನ್ನೋ ಮೂತಿ ಪಾತ್ರೆಯಿಂದ ಹಾಲು ಕುಡಿಸಿ ಹರಸೋವಾಗ ಬಿಡಿಸಿಟ್ಟ ಗುಂಗುರೊಳಗೆ ಅಕ್ಕಿ ಸಿಕ್ಕಿಹಾಕ್ಕೊಂಡ್ರೆ ಸಂಜೆವರೆಗೂ ಉದುರ್ತಾ ಇರತ್ತೆ. ತಲೆಗೆ ಕಟ್ಟೋ ಕೆಂಪು ವಸ್ತ್ರ, ಅದರ ಗಂಟು, ಮುಸುಕು, ಎಲ್ಲದಕ್ಕೂ ಜಾಗ ಬೇಕು. ಹಾಗಾಗಿ ನಮ್ಮಲ್ಲಿ ರಾಣಿ ತುರುಬು ಅಂದ್ರೆ ನೆತ್ತಿ ಸಪಾಟು, ಕೆಲಸ ಎಲ್ಲ ಹಿಂಗತ್ತಿನಲ್ಲಿ. ಇದು ಕಮ್ಮಿ ಅಂತ ನನಗೆ ಯಾವತ್ತೂ ಅನ್ನಿಸಿಲ್ಲ, ನೆರಿಗೆ ಹಿಂದೆ ಇರೋ ಸೀರೆಗೆ ಹಿಂದಿನಿಂದ ನೋಡಿದಾಗ ಕೆಳ ತುರುಬೇ ಒಪ್ಪೋದು, ಕಣ್ಣು ತುರುಬಿನಿಂದ ನೇರ ನೆರಿಗೆಗೆ ಇಳಿಯತ್ತೆ. ವಸ್ತ್ರದ ಗಂಟು ತುರುಬಿನ ಕೆಳಗೋ ಮೇಲೋ ಅಂತ ಕಟ್ಟೋ ಹಿರಿಯರನ್ನೇ ಮುಂಚೆ ಕೇಳಿ, ಆಮೇಲೆ ನಾನು ಜಾಗ ಬಿಡ್ತೀನಿ.

ಇನ್ನು ಮಂಜು. ಕಕ್ಕಡ ಅಂದ್ರೆ ನಮ್ಮ ಜುಲೈ-ಆಗಸ್ಟ್‌ನ ಮಳೆ ತಿಂಗಳು, ಆಗ ಮದುವೆ ಇಲ್ಲ, ಆ ಜೋರು ಮಳೆ ತಪ್ಪತ್ತೆ, ಆದ್ರೆ ನವೆಂಬರ್-ಡಿಸೆಂಬರಿನ ಪುತ್ತರಿ ಸುಗ್ಗಿ ಹಬ್ಬದ ಸಮಯದ ಬೆಳಗಿನ ಮಂಜು ಸಾಕು ಕರ್ಲ್ಸ್ ಇಳಿಸೋಕೆ. ಕೂದಲಿನ ಕೆರಾಟಿನ್ ಅನ್ನೋ ಪ್ರೋಟೀನ್ ಒಳಗೆ ಹೈಡ್ರೋಜನ್ ಬಾಂಡ್ ಅಂತ ಸಣ್ಣ ಕೊಂಡಿಗಳು ಇರತ್ತೆ, ಬಿಸಿ ಕೊಟ್ಟಾಗ ಬಿಡತ್ತೆ, ತಣ್ಣಗಾದಾಗ ಹೊಸ ಆಕಾರದಲ್ಲಿ ಕೂಡ್ಕೊಳತ್ತೆ, ಗಾಳಿಯ ತೇವ ತಗೊಂಡ್ರೆ ಮತ್ತೆ ಬಿಡತ್ತೆ. ಹಾಗಾಗಿ ಕೂದಲು ಸುರುಳಿ ಮಾಡೋ ಬಿಸಿ ಟಾಂಗ್‌ನಿಂದ ತೆಗೆದ ಸುರುಳಿನ ಬಿಸಿ ಇರೋವಾಗಲೇ ಬಿಡಬಾರದು, ಕ್ಲಿಪ್ ಹಾಕಿ ಪೂರ್ತಿ ತಣಿಯೋಕೆ ಬಿಡಬೇಕು. ತೆಳು ಕೂದಲಿಗೆ 150 ಡಿಗ್ರಿ, ದಪ್ಪ ಕೂದಲಿಗೆ 180 ಸಾಕು, ಅದಕ್ಕಿಂತ ಏರಿಸಿದ್ರೆ ಆಕಾರ ಹೆಚ್ಚು ಹೊತ್ತು ನಿಲ್ಲಲ್ಲ, ಕೂದಲು ಸುಡತ್ತೆ. ನನ್ನ ಕೇಳಿದ್ರೆ ನಮ್ಮ ಹವೆಗೆ ಹೆಣೆದದ್ದು, ಹೊಸೆದದ್ದೇ ಸರಿ, ಹುರಿ ಜಡೆಗೆ ತೇವ ಬಂದ್ರೂ ಬಿಚ್ಚಿಕೊಳ್ಳಲ್ಲ, ಎಳೆ ಎಳೆನ ಹಿಡ್ಕೊಂಡಿರತ್ತೆ.

ಬಿಗಿ ಬಗ್ಗೆ ನಾನು ಸ್ವಲ್ಪ ಖಡಕ್ಕು. ಕಟ್ಟಿದ ತಕ್ಷಣ ಹುಬ್ಬು ಎತ್ತಿದ್ರೆ ನೋವಾಗ್ತಿದೆ ಅಂದ್ರೆ ಬಿಚ್ಚಿ ಮತ್ತೆ ಕಟ್ತೀನಿ, "ಚೂರು ತಡ್ಕೊಳ್ಳಿ" ಅನ್ನಲ್ಲ. ಪದೇ ಪದೇ ಹೀಗೆ ಎಳೆದು ಕಟ್ಟಿದ್ರೆ ಹಣೆಯಂಚಿನ, ಕಿವಿ ಹತ್ತಿರದ ಕೂದಲು ಬುಡದಿಂದಲೇ ಸೋತು ಹೋಗತ್ತೆ, ವರ್ಷಗಟ್ಟಲೆ ಆದ್ರೆ ಮತ್ತೆ ಬರೋದೂ ಇಲ್ಲ. ಡ್ಯಾನ್ಸ್ ಕಲಿಯೋ ಸಣ್ಣ ಹುಡುಗಿಯರಿಗೆ ಭಾರದ ಜಡೆ ಕಟ್ಟೋ ಅವ್ವಂದಿರು ಇದನ್ನ ದಯವಿಟ್ಟು ಗಮನಿಸಿ.

ರಾತ್ರಿ ಬಿಚ್ಚೋವಾಗ ಮೊದಲು ಒಡವೆ, ಆಮೇಲೆ ಹೂವು, ಆಮೇಲೆ ಯು ಪಿನ್, ಕೊನೆಗೆ ಕಪ್ಪು ಪಿನ್. ಸ್ಪ್ರೇ ಹಾಕಿದ ಕೂದಲಿಗೆ ಒಣಗಿದ್ದಾಗಲೇ ಬಾಚಣಿಗೆ ಹಾಕಬೇಡಿ, ತುದಿಗೆ ಕೊಬ್ಬರಿ ಎಣ್ಣೆ ಸವರಿ ಅರ್ಧ ಗಂಟೆ ಬಿಟ್ಟು ಬೆರಳಲ್ಲಿ ಸಿಕ್ಕು ಬಿಡಿಸಿ. ಟ್ರಯಲ್‌ಗೆ ಬರೋವಾಗ ಫೋಟೋ ಒಂದೇ ತಂದ್ರೆ ಸಾಲದು, ಆ ದಿನ ಕಟ್ಟೋ ವಸ್ತ್ರ, ಹಾಕೋ ಓಲೆ, ಬೈತಲೆ ಬೊಟ್ಟು ಇದ್ರೆ ಅದೂ ತನ್ನಿ, ಆಗತ್ತೆ ಅಂದ್ರೆ ಮನೆಯಿಂದ ಒಂದು ಸಣ್ಣ ಕೊಡ ಸಿಂಬಿನೂ ತನ್ನಿ, ತಲೆ ಮೇಲಿಟ್ಟು ನಾಲ್ಕು ಹೆಜ್ಜೆ ನಡೆದು ನೋಡೋಣ.