ಹಲ್ಲು ತರಬೇಡಿ, ಗುಂಡಿ ತೋರಿಸಿ

ಕಳೆದ ತಿಂಗಳು ಸುರಪುರ ಕಡೆಯ ಹಿರಿಯರೊಬ್ಬರು ಕಲಬುರಗಿಯ ನಮ್ಮ ಮನೆಗೆ ಬಂದಿದ್ದರು. ಟವೆಲ್ಲಿನ ಗಂಟು ಬಿಚ್ಚಿದರೆ ಒಳಗೆ ಕಲ್ಲಾದ ದವಡೆ ಹಲ್ಲು, ದನದ ಜಾತಿಯದು. ಸಾಬೂನು ಹಚ್ಚಿ ತಿಕ್ಕಿ ತೊಳೆದು, ಮೇಲೆ ವಾರ್ನಿಷ್ ಬೇರೆ ಬಳಿದಿದ್ದರು.

"ಸರ್, ಅಯಸ್ಕಾಂತದ ಪರೀಕ್ಷೆ ಮಾಡಿ ಎಷ್ಟು ಲಕ್ಷ ವರ್ಷದ್ದೆಂದು ಹೇಳಿಬಿಡಿ."

"ಎಲ್ಲಿ ಸಿಕ್ಕಿತು, ಗೌಡರೇ?"

"ಹಳ್ಳದ ದಂಡೆಯಲ್ಲಿ."

"ಯಾವ ಪದರದಲ್ಲಿ?"

"ಅದನ್ನೆಲ್ಲ ಯಾರು ನೋಡಿದರು? ಜೆಸಿಬಿ ಹೊಡೆದಾಗ ಬಿತ್ತು."

ಇದೇ ಮಾತು ಎಷ್ಟು ಸಲ ಕೇಳಿದ್ದೇನೋ. ಶಹಾಬಾದ್ ಕಲ್ಲಿನ ಮೇಲೆ ಗಿಡದಂತೆ ಕಾಣುವ ಮ್ಯಾಂಗನೀಸ್ ಕಲೆಯನ್ನು ಪಳೆಯುಳಿಕೆಯೆಂದು ತರುವವರನ್ನು ನಗುತ್ತಲೇ ಕಳಿಸುತ್ತೇನೆ. ಅದು ಎಲುಬಿನ ಪ್ರಾಣಿಗಳೇ ಹುಟ್ಟದ ಕಾಲದ ಕಲ್ಲು. ನಿಜವಾದ ಹಲ್ಲನ್ನು ಕಿತ್ತು, ತೊಳೆದು ತಂದವರನ್ನು ಕಂಡರೆ ಮಾತ್ರ ನಗು ಬರುವುದಿಲ್ಲ.

ಅಯಸ್ಕಾಂತದ ದಾಖಲೆ ಇರುವುದು ಹಲ್ಲಿನಲ್ಲಲ್ಲ, ಹಲ್ಲು ಹುದುಗಿದ್ದ ಮಣ್ಣಿನಲ್ಲಿ. ನುಣ್ಣನೆಯ ಮಣ್ಣು ನೀರಿನಡಿ ಕೂರುವಾಗ ಅದರಲ್ಲಿನ ಕಬ್ಬಿಣದ ಕಣಗಳು ಆಗಿನ ಭೂಕಾಂತದ ದಿಕ್ಕಿಗೆ ತಿರುಗಿ ನಿಲ್ಲುತ್ತವೆ. ಗರಸಿನಲ್ಲಿ ಈ ಕೆಲಸ ಚೆನ್ನಾಗಿ ಆಗುವುದಿಲ್ಲ. ಭೂಕಾಂತದ ಧ್ರುವಗಳು ಆಗಾಗ ಅದಲುಬದಲಾಗಿವೆ. ಕೊನೆಯ ಬಾರಿ ಸುಮಾರು 7.8 ಲಕ್ಷ ವರ್ಷಗಳ ಹಿಂದೆ. ನಾವು ಅಳೆಯುವುದು ಆ ದಿಕ್ಕನ್ನು. ಆದ್ದರಿಂದ ಮಣ್ಣಿನ ಮಾದರಿ ದಂಡೆಗೆ ಅಂಟಿಕೊಂಡಿರುವಾಗಲೇ ಅದರ ಮೇಲೆ ಉತ್ತರದ ಗೆರೆ ಎಳೆದು, ಓರೆ ಎಷ್ಟೆಂದು ಬರೆದು, ಆಮೇಲೆ ಕೀಳಬೇಕು. ಗೆರೆ ಎಳೆಯದೆ ಕಿತ್ತರೆ ಕೈಯಲ್ಲಿ ಉಳಿಯುವುದು ಬರೀ ಹೆಂಟೆ.

ಅಷ್ಟಾದರೂ ವಯಸ್ಸು ಸಿಗುವುದಿಲ್ಲ! ಸಿಗುವ ಉತ್ತರ ಎರಡೇ: ಉತ್ತರ, ಇಲ್ಲವೇ ದಕ್ಷಿಣ. ಸೀರೆಯಂಚಿನ ಒಂದೇ ಪಟ್ಟೆ ತಂದು ಇದು ಯಾವ ಸೀರೆಯದೆಂದು ಕೇಳಿದರೆ ಯಾರು ಹೇಳಿಯಾರು? ಅಗಲ, ಸಪೂರ, ಮತ್ತೆ ಅಗಲ ಎಂದು ಪಟ್ಟೆಗಳು ಸಾಲಾಗಿ ಸಿಕ್ಕರೆ ಹೊಂದಿಸಿ ನೋಡಬಹುದು. ನಡುವೆ ಎಲ್ಲಾದರೂ ವಯಸ್ಸು ಗೊತ್ತಿರುವ ಜ್ವಾಲಾಮುಖಿ ಬೂದಿಯೋ ಲಾವಾವೋ ಇದ್ದರೆ ಗುರುತು ಇನ್ನೂ ಗಟ್ಟಿ. ಹಿಮಾಲಯದ ತಪ್ಪಲಿನ ಶಿವಾಲಿಕ್‌ನಲ್ಲಿ ನದಿಯ ಮಣ್ಣು ಕಿಲೋಮೀಟರುಗಟ್ಟಲೆ ದಪ್ಪಕ್ಕೆ ಪದರಪದರವಾಗಿ ಕೂತಿದೆ. ಅದಕ್ಕೇ ಮೂರು ಬೆರಳಿನ ಹಿಪ್ಪಾರಿಯನ್ ಕುದುರೆ ಒಂದು ಕೋಟಿ ವರ್ಷಕ್ಕೂ ತುಸು ಹಿಂದೆ ಅಲ್ಲಿಗೆ ಬಂತೆಂದು ಹೇಳಲು ಸಾಧ್ಯವಾಯಿತು. ನಮ್ಮ ಹಳ್ಳದ ದಂಡೆ ಎರಡಾಳೆತ್ತರ.

"ಹಾಗಾದರೆ ನಮ್ಮ ಇಸಾಂಪುರದ್ದು 12 ಲಕ್ಷ ವರ್ಷ ಎನ್ನುತ್ತಾರಲ್ಲ?" ಎಂದರು ಹಿರಿಯರು. ಒಳ್ಳೆಯ ಪ್ರಶ್ನೆ. ಯಾದಗಿರಿ ಜಿಲ್ಲೆಯ ಆ ಶಿಲಾಯುಗದ ನೆಲೆಗೆ ಹಾಗೆ ವಯಸ್ಸು ಕಟ್ಟಿದ್ದು ದನದ ಜಾತಿಯ ಹಲ್ಲಿನ ಮೇಲಿನ ಗಟ್ಟಿ ಹೊದಿಕೆಯಾದ ಎನಾಮಲ್‌ನಿಂದಲೇ, ಆದರೆ ಬೇರೆ ವಿಧಾನದಲ್ಲಿ: ಸಾವಿರಾರು ವರ್ಷ ವಿಕಿರಣ ತಾಗಿ ಎನಾಮಲ್‌ನಲ್ಲಿ ಸಿಕ್ಕಿಬಿದ್ದ ಎಲೆಕ್ಟ್ರಾನುಗಳನ್ನು ಅಳೆಯುವುದು. ವಿಕಿರಣದ ಒಂದು ಪಾಲು ಸುತ್ತಲಿನ ಮಣ್ಣಿನಿಂದಲೇ ಬರುವುದರಿಂದ ಅಲ್ಲಿಯೂ ಮಣ್ಣು ಬೇಕು. ನೀವು ಸಾಬೂನಿನಲ್ಲಿ ತೊಳೆದದ್ದು ಅದನ್ನೇ, ಗೌಡರೇ. 12 ಲಕ್ಷ ಸರಿಯಾಗಿದ್ದರೆ ಅದು ದಿಕ್ಸೂಚಿ ಬಹುಮಟ್ಟಿಗೆ ದಕ್ಷಿಣ ತೋರುತ್ತಿದ್ದ ಯುಗ. ಬಹುಮಟ್ಟಿಗೆ ಎಂದೆ, ಏಕೆಂದರೆ ಸರಿಸುಮಾರು ಆ ಹೊತ್ತಿಗೇ ಸ್ವಲ್ಪ ಕಾಲ ಉತ್ತರಕ್ಕೂ ತಿರುಗಿತ್ತು.

ಹಿರಿಯರು ಚಹಾ ಅರ್ಧಕ್ಕೇ ಬಿಟ್ಟು ಮುನಿಸಿಕೊಂಡು ಹೋದರು. ಎಂಟು ದಿನದ ಮೇಲೆ ಮೊಬೈಲಿಗೆ ಫೋಟೊ ಬಂತು: ಕರಿಮಣ್ಣು, ಕೆಳಗೆ ಗರಸು, ಅದರ ಕೆಳಗಿನ ಹಳದಿ ಮಣ್ಣಿನಲ್ಲಿ ಅರ್ಧ ಹುದುಗಿದ ಎಲುಬು. ಮುಟ್ಟಿರಲಿಲ್ಲ. ಅಳತೆಗೆಂದು ಪಕ್ಕದಲ್ಲಿ ಕುಡುಗೋಲು ಇಟ್ಟಿದ್ದರು. ನಾಳೆಯೇ ಬರುತ್ತೇನೆ, ದಿಕ್ಸೂಚಿ ತೆಗೆಯುವ ಮೊದಲು ಆ ಕುಡುಗೋಲನ್ನು ದೂರ ಇಡಿ ಎಂದು ಉತ್ತರಿಸಿದೆ.