ಜರಿಗಿಡದ ಟ್ರೇಗೆ ಜಿ.ಎ. ಬೇಡ

ಜರಿಗಿಡಗಳನ್ನು ಬೀಜಕದಿಂದ ಬೆಳೆಸಲು ಹೊರಟು ಸಲಹೆ ಕೇಳುವ ನರ್ಸರಿಯವರು ಪದೇ ಪದೇ ಮಾಡುವ ತಪ್ಪೆಂದರೆ, ಟ್ರೇಯಲ್ಲಿ ಸಣ್ಣಗೆ ಉಳಿದ, ಬೀಜಕ ಮೊಳೆತು ಮೂಡುವ ಹಾಳೆಗಳಾದ ಪ್ರೋಥಾಲಸ್‌ಗಳನ್ನು ಸೊರಗಿದವೆಂದು ತಿಳಿದು ಅವಕ್ಕೆ ಬೆಳವಣಿಗೆಯ ಹಾರ್ಮೋನಾದ ಜಿಬ್ಬರೆಲಿನ್ (ಜಿ.ಎ.) ಸಿಂಪಡಿಸುವುದು. ಬೆಳಗಾವಿಯಲ್ಲಿ ನರ್ಸರಿ ತೆರೆದ ತಿಕೋಟಾ ಕಡೆಯ ದ್ರಾಕ್ಷಿ ಬೆಳೆಗಾರರೊಬ್ಬರು, "ದ್ರಾಕ್ಷಿಗಿ ಹೊಡದಂಗ ಇದಕ್ಕೂ ಸ್ವಲ್ಪ ಜಿ.ಎ. ಹೊಡದ್ರ ಲಗೂ ಬರೂದಿಲ್ಲೇನ್ರಿ?" ಎಂದು ಕೇಳಿದರು. ಗೊನೆ ನೀಳವಾಗುವುದನ್ನೂ ಹಣ್ಣು ದಪ್ಪವಾಗುವುದನ್ನೂ ಕಣ್ಣಾರೆ ಕಂಡ ಅಂಥ ಶ್ರಮಜೀವಿಗೆ ಈ ಪ್ರಶ್ನೆ ಹುಟ್ಟುವುದು ಸಹಜವೇ.

ಆದರೆ ಆ ಸಣ್ಣವು ರೋಗಿಷ್ಠವಲ್ಲ, ಗಂಡು. ಭೂತಗನ್ನಡಿ ಹಿಡಿದು ನೋಡಿದರೆ, ಮೊದಲು ಮೊಳೆತದ್ದು ಹೃದಯದ ಆಕಾರದಲ್ಲಿ ಅಗಲವಾಗಿ, ತುದಿಯಲ್ಲಿ ಕಚ್ಚು ಬಿದ್ದಿರುತ್ತದೆ. ಅಂಡ ಮೂಡುವುದು ಅದರಲ್ಲಿ. ಅದರ ಸುತ್ತ ಕಚ್ಚಿಲ್ಲದೆ ನಾಲಿಗೆಯಂತೆ ಚಾಚಿರುವ ಪುಟ್ಟ ಹಾಳೆಗಳ ತುಂಬ ವೀರ್ಯಾಣುಗಳ ಚೀಲಗಳಿರುತ್ತವೆ. ಅನೇಕ ಜರಿಗಿಡಗಳಲ್ಲಿ ಬೀಜಕ ಇಂಥದೇ ಲಿಂಗವೆಂದು ಹಣೆಯಲ್ಲಿ ಬರೆದುಕೊಂಡು ಬರುವುದಿಲ್ಲ. ಮುಂಚೆ ಬಲಿತ ನೆರೆಯದು ಹೊರಗೆ ಬಿಡುವ ಆಂಥರಿಡಿಯೋಜೆನ್ ಎಂಬ ಹಾರ್ಮೋನು, ತಡವಾಗಿ ಮೊಳೆತವುಗಳನ್ನು ಗಂಡಾಗಿಸುತ್ತದೆ. ಕಚ್ಚು ಮೂಡಿದ ಪ್ರೋಥಾಲಸ್ ಮಾತ್ರ ಅದಕ್ಕೆ ಮಣಿಯುವುದಿಲ್ಲ.

ಜರ್ಮನಿಯ ವಾಲ್ಟರ್ ಡೋಪ್ ಇದನ್ನು ಬ್ರಾಕೆನ್ ಜರಿಗಿಡದಲ್ಲಿ 1950ರಲ್ಲಿ ತೋರಿಸಿದರು. ಲೈಗೋಡಿಯಂ ಎಂಬ ಹಬ್ಬುವ ಜರಿಗಿಡದಲ್ಲಿ ಈ ವಸ್ತು ಜಿಬ್ಬರೆಲಿನ್ ವರ್ಗದ್ದೇ. ಅದರ ಜಪಾನಿ ಪ್ರಭೇದದ ಮೇಲೆ 2014ರಲ್ಲಿ ಪ್ರಕಟವಾದ ಸಂಶೋಧನೆಯ ಪ್ರಕಾರ, ಬಲಿತ ಪ್ರೋಥಾಲಸ್ ಹಾರ್ಮೋನನ್ನು ಪೂರ್ತಿ ತಯಾರಿಸದೆ, ಕೊನೆಯ ಹಂತಕ್ಕೆ ಮುಂಚಿನ ರೂಪವನ್ನು ಮೀಥೈಲ್ ಎಸ್ಟರ್ ಎಂಬ ಸಂಯುಕ್ತವಾಗಿಸಿ ಹೊರಬಿಡುತ್ತದೆ. ಎಳೆಯದು ಅದನ್ನು ಹೀರಿ, ಉಳಿದ ಕೆಲಸವನ್ನು ತಾನು ಮುಗಿಸಿ, ಸಕ್ರಿಯ ಜಿಬ್ಬರೆಲಿನ್ ಮಾಡಿಕೊಂಡು ಗಂಡಾಗುತ್ತದೆ. ಒಂದು ಮನೆಯಲ್ಲಿ ಕಲಸಿದ ಹಿಟ್ಟನ್ನು ಪಕ್ಕದ ಮನೆಯಲ್ಲಿ ರೊಟ್ಟಿ ಬಡಿದ ಹಾಗೆ.

ಆದ್ದರಿಂದ ಲೈಗೋಡಿಯಂ, ಅನೀಮಿಯಾಗಳಂಥ ಜರಿಗಿಡಗಳ ಎಳೆಯ ಟ್ರೇಗೆ ಜಿ.ಎ. ಹೊಡೆಯುವುದೆಂದರೆ ಸಣ್ಣವನ್ನು ದೊಡ್ಡದು ಮಾಡುವುದಲ್ಲ, ಹೆಣ್ಣಾಗಬಹುದಾಗಿದ್ದವನ್ನೂ ಗಂಡಿನ ದಾರಿಗೆ ತಳ್ಳುವುದು. ಅಂಡವೇ ಇಲ್ಲದ ಟ್ರೇಯಲ್ಲಿ ಸಸಿ ಎಲ್ಲಿಂದ ಬರಬೇಕು? ಎಲ್ಲ ಜರಿಗಿಡಗಳೂ ಒಂದೇ ಬಗೆಯ ಜಿಬ್ಬರೆಲಿನ್‌ಗೆ ಸಮನಾಗಿ ಸ್ಪಂದಿಸುವುದಿಲ್ಲ. ನಿಮ್ಮ ಪ್ರಭೇದ ಯಾವುದೆಂದು ತಿಳಿಯದೆ ನಾನು ಫಲಿತಾಂಶದ ಭರವಸೆ ಕೊಡಲಾರೆ. ಆದರೂ ಪ್ರೋಥಾಲಸ್ ಹಂತದಲ್ಲಿ ಜಿ.ಎ. ಡಬ್ಬಿ ತೆರೆಯಬೇಡಿರೆಂದು ಎಲ್ಲರಿಗೂ ಹೇಳುತ್ತೇನೆ.

ಬೀಜಕಗಳನ್ನು ತೆಳುವಾಗಿ ಉದುರಿಸಿ, ಸಣ್ಣವನ್ನು ಕಿತ್ತೆಸೆಯದೆ ಬಿಡಿ. ಕಚ್ಚು ಸ್ಪಷ್ಟವಾಗಿ ಕಂಡ ಮೇಲೆ ಕುದಿಸಿ ಆರಿಸಿದ ನೀರನ್ನು ಮಂಜಿನಂತೆ ಸಿಂಪಡಿಸುತ್ತಿರಿ. ವೀರ್ಯಾಣುಗಳು ಅಂಡದವರೆಗೆ ಈಜಲು ಆ ತೆಳು ನೀರಿನ ಪದರ ಬೇಕೇ ಬೇಕು.