ಹಿಂದಿನ ವಿಂಗ್ ಮುಂದಿನ ಚಕ್ರವನ್ನು ಎತ್ತುತ್ತದೆ: ಸ್ಪೋರ್ಟ್ಸ್ ಕಾರಿನ ಹಿಂಬದಿ ಏರೋ ಟಿಪ್ಪಣಿ

ಡಿಕ್ಕಿಯ ಮೇಲೆ ದೊಡ್ಡ ವಿಂಗ್ ಇದ್ದರೆ ಕಾರು ನೆಲಕ್ಕೆ ಅಂಟಿಕೊಂಡು ಓಡುತ್ತದೆ ಅಂತ ನಾನೂ ಬಹಳ ದಿನ ನಂಬಿದ್ದೆ. ಪೂರ್ತಿ ಸುಳ್ಳೇನಲ್ಲ. ಆದರೆ ಪೆನ್ನು ಹಿಡಿದು ಲೆಕ್ಕ ಹಾಕಿದಾಗ ಎರಡು ವಿಷಯ ಗೊತ್ತಾಯಿತು. ನಿಧಾನವಾಗಿ ಹೋಗುವಾಗ ಅದು ಹೆಚ್ಚುಕಡಿಮೆ ಸುಮ್ನೆ ಕೂತಿರುತ್ತದೆ. ಜೋರಾಗಿ ಹೋಗುವಾಗ ಹಿಂದಿನ ಚಕ್ರವನ್ನು ಒತ್ತುತ್ತದೆ, ಜೊತೆಗೆ ಮುಂದಿನ ಚಕ್ರವನ್ನು ಎತ್ತುತ್ತದೆ. ಈ ಎರಡನೆಯ ಮಾತು ಒಮ್ಮೆ ತಲೆಗೆ ಹೋದರೆ ಉಳಿದದ್ದೆಲ್ಲ ಅದರ ಸುತ್ತಲೇ ಇದೆ.

ಮೊದಲು ಲೆಕ್ಕ

ವಿಂಗ್ ಒತ್ತುವ ಬಲ = ½ × ಗಾಳಿಯ ಸಾಂದ್ರತೆ × ವೇಗ × ವೇಗ × ವಿಂಗ್‌ನ ವಿಸ್ತೀರ್ಣ × ಲಿಫ್ಟ್ ಗುಣಾಂಕ (ವಿಂಗ್‌ನ ಆಕಾರ, ಕೋನಕ್ಕೆ ಎಷ್ಟು ಬಲ ಹುಟ್ಟುತ್ತದೆ ಅಂತ ಹೇಳುವ ಸಂಖ್ಯೆ). ಉತ್ತರ ನ್ಯೂಟನ್‌ನಲ್ಲಿ ಬರುತ್ತದೆ, 9.8ರಿಂದ ಭಾಗಿಸಿದರೆ ಕೆ.ಜಿ.

ಸಾಂದ್ರತೆಯನ್ನು 1.225 ಎಂದು ತೆಗೆದುಕೊಳ್ಳಿ. ಸಮುದ್ರಮಟ್ಟದಲ್ಲಿ, 15 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಘನ ಮೀಟರ್ ಗಾಳಿಯ ತೂಕ ಅಷ್ಟು ಕೆ.ಜಿ. ವಿಂಗ್ 150 ಸೆಂ.ಮೀ. ಅಗಲ, ಮುಂದಿನ ಅಂಚಿನಿಂದ ಹಿಂದಿನ ಅಂಚಿಗೆ 25 ಸೆಂ.ಮೀ. ಆಳ ಇರಲಿ. ವಿಸ್ತೀರ್ಣ 0.375 ಚದರ ಮೀಟರ್. ಗುಣಾಂಕ 1 ಇರಲಿ, ಗುಣಾಕಾರ ಸುಲಭ. ವೇಗವನ್ನು ಮಾತ್ರ ಸೆಕೆಂಡಿಗೆ ಇಷ್ಟು ಮೀಟರ್ ಅಂತ ಬದಲಿಸಿಕೊಳ್ಳುವುದು ಮರೆಯಬೇಡಿ. ನಾನು ಮೊದಲ ಸಲ ಗಂಟೆಯ ವೇಗವನ್ನೇ ಹಾಕಿ, ಟ್ರಕ್ಕನ್ನೂ ಮಣ್ಣಲ್ಲಿ ಹೂಳುವಂಥ ಉತ್ತರ ಪಡೆದಿದ್ದೆ.

ಗಂಟೆಗೆ 60 ಕಿ.ಮೀ. ವೇಗದಲ್ಲಿ ಬರುವುದು ಸುಮಾರು 6.5 ಕೆ.ಜಿ. ಡಿಕ್ಕಿಯಲ್ಲಿ ಒಂದು ಬ್ಯಾಗ್ ಇಟ್ಟಷ್ಟು. 100ರಲ್ಲಿ 18 ಕೆ.ಜಿ. 200ರಲ್ಲಿ 72 ಕೆ.ಜಿ. ವೇಗ ಎರಡು ಪಟ್ಟಾದರೆ ಒತ್ತಡ ನಾಲ್ಕು ಪಟ್ಟು. ದೊಡ್ಡ ಕಾರುಗಳ ಅಂಕಿಯಲ್ಲೂ ಇದೇ ಕಾಣುತ್ತದೆ. 2022ರಲ್ಲಿ ಬಂದ ಪೋರ್ಷೆ 911 ಜಿಟಿ3 ಆರ್‌ಎಸ್‌ಗೆ ಕಂಪನಿ ಕೊಟ್ಟ ಲೆಕ್ಕ 200 ಕಿ.ಮೀ. ವೇಗದಲ್ಲಿ 409 ಕೆ.ಜಿ., 285ರಲ್ಲಿ 860 ಕೆ.ಜಿ. ಇದು ವಿಂಗ್ ಒಂದರದ್ದಲ್ಲ, ಇಡೀ ಕಾರಿನದ್ದು. 409ನ್ನು ವೇಗದ ವರ್ಗಕ್ಕೆ ತಕ್ಕಂತೆ ಏರಿಸಿ ನೋಡಿ, 830ರ ಹತ್ತಿರ ಬರುತ್ತದೆ. ಅಂದರೆ ನಮ್ಮ ಸೂತ್ರ ದಾರಿ ತಪ್ಪಿಲ್ಲ.

ಸೀಸಾ ಹಲಗೆ

ಈಗ ಆ 72 ಕೆ.ಜಿ. ಎಲ್ಲಿ ಕೂತಿದೆ ಅಂತ ನೋಡೋಣ. ವಿಂಗ್ ಸಾಮಾನ್ಯವಾಗಿ ಹಿಂದಿನ ಆ್ಯಕ್ಸಲ್‌ಗಿಂತ (ಚಕ್ರಗಳ ಅಚ್ಚಿಗಿಂತ) ಹಿಂದೆ ಇರುತ್ತದೆ. ವೀಲ್‌ಬೇಸ್, ಅಂದರೆ ಮುಂದಿನ ಹಿಂದಿನ ಆ್ಯಕ್ಸಲ್‌ಗಳ ನಡುವಿನ ದೂರ, 2.5 ಮೀಟರ್, ವಿಂಗ್ ಆ್ಯಕ್ಸಲ್‌ನಿಂದ 0.8 ಮೀಟರ್ ಹಿಂದೆ ಇದೆ ಅಂದುಕೊಳ್ಳಿ. ಕಾರು ಆಗ ಸೀಸಾ ಹಲಗೆ, ಹಿಂದಿನ ಆ್ಯಕ್ಸಲ್ ಅದರ ನಡುವಿನ ಆಧಾರ. ಬಾಲ ಒತ್ತಿದರೆ ಮೂತಿ ಏಳಲೇಬೇಕು. 0.8ನ್ನು 2.5ರಿಂದ ಭಾಗಿಸಿದರೆ 0.32. ಅಂದರೆ ಮುಂದಿನ ಚಕ್ರಗಳ ಮೇಲಿಂದ 23 ಕೆ.ಜಿ. ಕಡಿಮೆಯಾಗುತ್ತದೆ, ಹಿಂದಿನವುಗಳಿಗೆ 95 ಕೆ.ಜಿ. ಸೇರುತ್ತದೆ.

ಇಷ್ಟಕ್ಕೇ ಮುಗಿಯಲಿಲ್ಲ. ವಿಂಗ್ ಗಾಳಿಯನ್ನು ತಡೆಯುತ್ತದೆ, ಅದು ಡ್ರ್ಯಾಗ್. ಎಂಟು ಕೆ.ಜಿ. ಒತ್ತಡಕ್ಕೆ ಒಂದು ಕೆ.ಜಿ. ಡ್ರ್ಯಾಗ್ ಅಂತ ಇಟ್ಟುಕೊಂಡರೆ 200ರಲ್ಲಿ 9 ಕೆ.ಜಿ. ಆ ಎಳೆತ ನೆಲದಿಂದ 1.2 ಮೀಟರ್ ಎತ್ತರದಲ್ಲಿ ಹಿಂದಕ್ಕೆ ಎಳೆಯುತ್ತಿದೆ. ಅದೂ ಮೂತಿಯನ್ನು ಎತ್ತುತ್ತದೆ, ಇನ್ನೊಂದು 4 ಕೆ.ಜಿ. ಒಟ್ಟು ಮುಂದೆ 27 ಕೆ.ಜಿ. ನಷ್ಟ, ಹಿಂದೆ 99 ಕೆ.ಜಿ. ಲಾಭ. ಕಳೆದು ನೋಡಿ, ಅದೇ 72. ಎಂಜಿನ್ ಇದಕ್ಕೆ ಕೊಡುವ ಬೆಲೆ ಸುಮಾರು 5 ಕಿಲೋವ್ಯಾಟ್, ಆರೂವರೆ ಎಚ್‌ಪಿ ಆಸುಪಾಸು. ಅದು ಅಷ್ಟು ದೊಡ್ಡದಲ್ಲ. ದೊಡ್ಡದು ಆ 27 ಕೆ.ಜಿ. ವೇಗದ ತಿರುವಿನಲ್ಲಿ ಸ್ಟಿಯರಿಂಗ್ ತಿರುಗಿಸಿದರೂ ಕಾರು ನೇರ ಹೋಗಲು ನೋಡುತ್ತದೆ. ಅಂಡರ್‌ಸ್ಟಿಯರ್ ಅನ್ನುವುದು ಇದನ್ನೇ.

ಇದು ಬರೀ ಕಾಗದದ ಲೆಕ್ಕ ಅಲ್ಲ. 1971ರಲ್ಲಿ ಅಮೆರಿಕದ ಮಾಜಿ ರೇಸ್ ಚಾಲಕ ಡ್ಯಾನ್ ಗರ್ನಿ ತಮ್ಮ ತಂಡದ ರೇಸ್ ಕಾರಿನ ಹಿಂದಿನ ವಿಂಗ್‌ನ ಅಂಚಿಗೆ ಒಂದು ಸಣ್ಣ ಲೋಹದ ಪಟ್ಟಿಯನ್ನು ನೆಟ್ಟಗೆ ಕೂರಿಸಿದರು. ಓಡಿಸುತ್ತಿದ್ದವರು ಬಾಬಿ ಅನ್ಸರ್. ಗಡಿಯಾರದಲ್ಲಿ ಹೇಳಿಕೊಳ್ಳುವಂಥ ಸುಧಾರಣೆ ಕಾಣಲಿಲ್ಲ. ಕಾರಣ ಏನೆಂದರೆ ಹಿಂಬದಿಗೆ ಹಿಡಿತ ಎಷ್ಟು ಜಾಸ್ತಿಯಾಗಿತ್ತೆಂದರೆ ಮುಂಬದಿ ಜಾರುತ್ತಿತ್ತು. ಮುಂದಿನ ವಿಂಗ್ ಸರಿಹೊಂದಿಸಿದ ಮೇಲೆಯೇ ಪಟ್ಟಿಯ ನಿಜವಾದ ಬೆಲೆ ತಿಳಿದದ್ದು. ಇವತ್ತು ಅದನ್ನು ಗರ್ನಿ ಫ್ಲ್ಯಾಪ್ ಅನ್ನುತ್ತಾರೆ. ಎತ್ತರ ವಿಂಗ್ ಆಳದ ಶೇ. 1ರಿಂದ 2 ಸಾಕು. ನಮ್ಮ 25 ಸೆಂ.ಮೀ. ವಿಂಗ್‌ಗೆ ಬರೀ 2.5ರಿಂದ 5 ಮಿ.ಮೀ.!

ಗರ್ನಿಗಿಂತ ಐದು ವರ್ಷ ಮೊದಲೇ, 1966ರಲ್ಲಿ, ಅಮೆರಿಕದ ಇನ್ನೊಬ್ಬ ರೇಸ್ ಚಾಲಕ ಜಿಮ್ ಹಾಲ್ ತಮ್ಮ ಚಾಪರಲ್ 2ಇ ರೇಸ್ ಕಾರಿನಲ್ಲಿ ಈ ಸಮತೋಲನವನ್ನು ಯೋಚಿಸಿಯೇ ಕಟ್ಟಿದ್ದರು. ವಿಂಗ್ ಎತ್ತರದ ಕಂಬಗಳ ಮೇಲೆ ಕೂತಿತ್ತು. ಕಾರಿಗೆ ಕ್ಲಚ್ ಪೆಡಲ್ ಇರಲಿಲ್ಲ, ಹಾಗಾಗಿ ಎಡಗಾಲು ಖಾಲಿ. ಆ ಕಾಲಿಗೆ ಒಂದು ಪೆಡಲ್ ಕೊಟ್ಟರು. ನೇರ ದಾರಿಯಲ್ಲಿ ಒತ್ತಿದರೆ ವಿಂಗ್ ಚಪ್ಪಟೆಯಾಗುತ್ತದೆ, ಅದೇ ಹೊತ್ತಿಗೆ ಮೂತಿಯಲ್ಲಿನ ಗಾಳಿದಾರಿಯೂ ಮುಚ್ಚಿಕೊಳ್ಳುತ್ತದೆ. ಹಿಂದೆ ಒತ್ತಡ ತೆಗೆದರೆ ಮುಂದೆಯೂ ತೆಗೆಯಬೇಕು. ನನಗೆ ಈ ಪೆಡಲ್ ಮೇಲೆ ತುಂಬ ಪ್ರೀತಿ.

ಸ್ಪಾಯ್ಲರ್ ಬೇರೆ, ವಿಂಗ್ ಬೇರೆ

ಎರಡನ್ನೂ ಒಂದೇ ಹೆಸರಿನಿಂದ ಕರೆಯುವುದು ನಮ್ಮೆಲ್ಲರ ಅಭ್ಯಾಸ. ಕೆಲಸ ಮಾತ್ರ ಬೇರೆ. ವಿಂಗ್ ಅಂದರೆ ಮಗುಚಿ ಹಾಕಿದ ವಿಮಾನದ ರೆಕ್ಕೆ, ಮೇಲೂ ಕೆಳಗೂ ಗಾಳಿ ಹರಿಯಬೇಕು. ಸ್ಪಾಯ್ಲರ್‌ಗೆ ಕೆಳಗೆ ಜಾಗವೇ ಇರುವುದಿಲ್ಲ, ಡಿಕ್ಕಿಗೆ ಅಂಟಿಕೊಂಡಿರುತ್ತದೆ. ಛಾವಣಿಯಿಂದ ಇಳಿಯುವ ಗಾಳಿಗೆ ಅದು ಒಡ್ಡು ಕಟ್ಟುತ್ತದೆ. ಒಡ್ಡಿನ ಹಿಂದೆ ನೀರು ನಿಧಾನವಾಗುವ ಹಾಗೆ ಡಿಕ್ಕಿಯ ಮೇಲೆ ಗಾಳಿ ನಿಧಾನವಾಗುತ್ತದೆ, ಅಲ್ಲಿ ಒತ್ತಡ ಏರುತ್ತದೆ. ಹೀಗೆ ಮೇಲಕ್ಕೆತ್ತುವ ಬಲ ತಗ್ಗುತ್ತದೆ. 1972ರ ಪೋರ್ಷೆ 911 ಕರೆರಾ ಆರ್‌ಎಸ್ 2.7ರ ಬಾತುಕೋಳಿ ಬಾಲದಂಥ ಸ್ಪಾಯ್ಲರ್ ಇದರ ಒಳ್ಳೆಯ ಉದಾಹರಣೆ.

ರಸ್ತೆ ಕಾರಿಗೆ ನನ್ನ ಓಟು ಇದಕ್ಕೇ. ಗುಂಡನೆಯ ಹಿಂಭಾಗದ ಕಾರು ಜೋರು ವೇಗದಲ್ಲಿ ಹಿಂದೆ ಹಗುರಾಗುತ್ತದೆ, ಅದೊಂದು ನಿಜವಾದ ತೊಂದರೆ. 1998ರಲ್ಲಿ ಬಂದ ಮೊದಲ ಆಡಿ ಟಿಟಿ ಅತಿವೇಗದ ಅಪಘಾತಗಳಿಗೆ ಸಿಕ್ಕ ಮೇಲೆ ಅದಕ್ಕೆ ಹಿಂದೆ ಪುಟ್ಟ ಸ್ಪಾಯ್ಲರ್ ಬಂತು, ಸಸ್ಪೆನ್ಷನ್ ಬದಲಾಯಿತು, ಕಾರು ಜಾರದಂತೆ ಬ್ರೇಕ್ ಹಾಕಿ ಹಿಡಿಯುವ ಎಲೆಕ್ಟ್ರಾನಿಕ್ ವ್ಯವಸ್ಥೆ ಇಎಸ್‌ಪಿಯೂ ಸೇರಿತು. ಸ್ಪಾಯ್ಲರ್ ಒಂದನ್ನೇ ಹಾಕಿ ಕೈತೊಳೆದುಕೊಳ್ಳಲಿಲ್ಲ, ಗಮನಿಸಿ.

ಡಿಫ್ಯೂಸರ್

ಕಾರಿನ ಅಡಿಯಿಂದ ಬರುವ ಗಾಳಿ ಹಿಂದೆ ನಿಧಾನವಾಗಿ ಅರಳಿಕೊಳ್ಳಲು ದಾರಿ ಮಾಡಿಕೊಡುವ ಇಳಿಜಾರು ಇದು. ಅದು ಅಗಲವಾಗುತ್ತಾ ಹೋದಂತೆ ಅಡಿಯ ಗಾಳಿಯನ್ನು ಜೋರಾಗಿ ಸೆಳೆಯುತ್ತದೆ. ತಳ ಮೇಲಕ್ಕೆ ತಿರುಗಲು ಶುರುವಾಗುವ ಜಾಗದಲ್ಲೇ ಹೀರುವಿಕೆ ಅತಿ ಹೆಚ್ಚು. ಆ ಜಾಗ ಸಾಮಾನ್ಯವಾಗಿ ಹಿಂದಿನ ಆ್ಯಕ್ಸಲ್ ಹತ್ತಿರ ಅಥವಾ ಸ್ವಲ್ಪ ಮುಂದೆ. ಸೀಸಾ ಹಲಗೆ ನೆನಪಿದೆ ಅಲ್ವಾ? ಆಧಾರದ ಮೇಲೆಯೇ ಕೂತ ಭಾರ ಮೂತಿಯನ್ನು ಎತ್ತುವುದಿಲ್ಲ. ಡಿಫ್ಯೂಸರ್‌ನ ದೊಡ್ಡ ಲಾಭ ಇದು.

ಕೋನ 7ರಿಂದ 10 ಡಿಗ್ರಿ ಇಟ್ಟುಕೊಂಡರೆ ಮೋಸವಿಲ್ಲ. 60 ಸೆಂ.ಮೀ. ಉದ್ದಕ್ಕೆ 10 ಡಿಗ್ರಿ ಅಂದರೆ ಹಿಂದಿನ ಅಂಚು 10.6 ಸೆಂ.ಮೀ. ಮಾತ್ರ ಏರುತ್ತದೆ. ನೋಡಲು ಏನೂ ಅಲ್ಲ ಅನ್ನಿಸುತ್ತದೆ. ಕಣ್ಣಿಗೆ ಚೆಂದ ಅಂತ ಕಡಿದಾಗಿ ಏರಿಸಿದರೆ ಗಾಳಿ ತಳವನ್ನು ಬಿಟ್ಟು ಸುಳಿಯಾಗುತ್ತದೆ. ಇನ್ನು ಬಂಪರ್‌ಗೆ ಅಂಟಿಸುವ ಕಪ್ಪು ಪ್ಲಾಸ್ಟಿಕ್ ಹಲ್ಲುಗಳ ಬಗ್ಗೆ ಹೇಳುವುದೇನಿಲ್ಲ. ಅದರ ಮುಂದೆ ಸಪಾಟು ತಳವೇ ಇಲ್ಲದಿದ್ದರೆ ಅದು ಅಲಂಕಾರ. ಸೈಲೆನ್ಸರ್ ಹತ್ತಿರ ಇದ್ದರೆ ಕರಗುವ ಅಲಂಕಾರ.

ಕೂರಿಸುವಾಗ

ಕೋನ ಅಳೆಯುವಾಗ ಎಲ್ಲರೂ ನೆಲಕ್ಕೆ ಹೋಲಿಸಿ ಅಳೆಯುತ್ತೇವೆ. ಗಾಳಿ ನೆಲಕ್ಕೆ ಸಮನಾಗಿ ಬರುವುದಿಲ್ಲ. ಕೂಪೆಯ (ಎರಡು ಬಾಗಿಲಿನ, ಹಿಂದೆ ಇಳಿಜಾರಾದ ಕಾರಿನ) ಛಾವಣಿ ದಾಟಿದ ಗಾಳಿ ಕೆಳಮುಖವಾಗಿ ಇಳಿಯುತ್ತದೆ, ವಿಂಗ್‌ನ ಎರಡು ತುದಿಗಳಲ್ಲಿ ಮಾತ್ರ ಹೆಚ್ಚುಕಡಿಮೆ ನೇರ. ಹಾಗಾಗಿ ನೀವು 5 ಡಿಗ್ರಿ ಅಂದುಕೊಂಡದ್ದು ನಡುಭಾಗಕ್ಕೆ 12 ಆಗಿರಬಹುದು. ಅಲ್ಲಿ ವಿಂಗ್ ಸ್ಟಾಲ್ ಆದರೆ, ಅಂದರೆ ಗಾಳಿ ಅದರ ಮೈ ಬಿಟ್ಟು ಸುಳಿಯಾದರೆ, ಒತ್ತಡ ಕುಸಿದು ಡ್ರ್ಯಾಗ್ ಏರುತ್ತದೆ.

ಇದನ್ನು ಕಣ್ಣಾರೆ ನೋಡಲು ಉಣ್ಣೆ ದಾರ ಸಾಕು. ಐದಾರು ಸೆಂ.ಮೀ. ತುಂಡುಗಳನ್ನು ಹಿಂದಿನ ಗಾಜು, ಡಿಕ್ಕಿ, ವಿಂಗ್‌ನ ಕೆಳಮೈ ಮೇಲೆ ಪೇಪರ್ ಟೇಪಿನಿಂದ ಸಾಲಾಗಿ ಅಂಟಿಸಿ. ಮುಚ್ಚಿದ ಟ್ರ್ಯಾಕಿನಲ್ಲಿ ಪಕ್ಕದ ಕಾರಿನಿಂದ ವಿಡಿಯೋ ತೆಗೆಸಿ. ನಾವು ಮಾಡಿದಾಗ ತುದಿಗಳ ದಾರ ಬಾಚಿದ ಕೂದಲಿನಂತೆ ಮಲಗಿತ್ತು. ನಡುವಿನವು ಗಿರಗಿರ ತಿರುಗುತ್ತಿದ್ದವು, ಎರಡಂತೂ ಮುಂದಕ್ಕೆ ಬಾಗಿದ್ದವು. ಕೋನ 4 ಡಿಗ್ರಿ ಇಳಿಸಿದ ಮೇಲೆ ಎಲ್ಲವೂ ಹಿಂದಕ್ಕೆ ಮಲಗಿದವು. ಕೆಳಮೈ ದಾರಗಳನ್ನೇ ಹೆಚ್ಚು ನೋಡಿ, ಹೀರುವ ಕೆಲಸ ನಡೆಯುವುದು ಅಲ್ಲಿ. ವಿಂಗ್ ಅನ್ನು ಮೇಲಿನಿಂದ ಹಿಡಿಯುವ ಹಂಸದ ಕತ್ತಿನಂಥ ಕಂಬಗಳು ಬಂದದ್ದೂ ಕೆಳಮೈಗೆ ಅಡ್ಡಿಯಾಗಬಾರದು ಅಂತಲೇ.

ಕಂಬದ ವಿಷಯದಲ್ಲಿ ಮಾತ್ರ ಜಿಪುಣತನ ಬೇಡ. 1969ರಲ್ಲಿ ಸ್ಪೇನಿನ ಮಾಂಜುಯಿಕ್ ಟ್ರ್ಯಾಕಿನಲ್ಲಿ ಫಾರ್ಮುಲಾ 1 ಚಾಲಕರಾದ ಗ್ರಹಾಂ ಹಿಲ್, ಯೊಖೆನ್ ರಿಂಟ್ ಇಬ್ಬರ ಲೋಟಸ್ ಕಾರುಗಳ ಎತ್ತರದ ವಿಂಗ್‌ಗಳೂ ಒಂದೇ ರೇಸಿನಲ್ಲಿ ಕುಸಿದವು. ಅದೇ ತಿಂಗಳು ಮೊನಾಕೋದಲ್ಲಿ ಅಂಥ ವಿಂಗ್‌ಗಳಿಗೆ ನಿಷೇಧ ಬಿತ್ತು. ಡಿಕ್ಕಿಯ ತಗಡು 72 ಕೆ.ಜಿ. ಹೊರಲು ಮಾಡಿದ್ದಲ್ಲ. ತಗಡಿನ ಒಳಗಡೆ ಅಗಲವಾದ ಲೋಹದ ಪಟ್ಟಿ ಕೊಡಿ, ಸಾಧ್ಯವಾದರೆ ಚಾಸಿಗೇ (ಕಾರಿನ ಗಟ್ಟಿ ಚೌಕಟ್ಟಿಗೇ) ಬಿಗಿಯಿರಿ. ಒಬ್ಬ ಗೆಳೆಯನ ಕಾರಿನಲ್ಲಿ ಬರೀ ವಾಷರ್ ಹಾಕಿ ಬಿಗಿದಿದ್ದರು. ಮೂರನೇ ಸುತ್ತಿಗೆ ಬೋಲ್ಟಿನ ಸುತ್ತ ಪೇಂಟ್ ಬಿರುಕು ಬಿಟ್ಟು, ತಗಡು ತಟ್ಟೆಯಂತೆ ತಗ್ಗಾಗಿತ್ತು.

ಸುಲಭ ಪರೀಕ್ಷೆ ಒಂದಿದೆ. ಕಾರು ನಿಂತಿರುವಾಗ, ಲೆಕ್ಕದಲ್ಲಿ ಬಂದಷ್ಟು ತೂಕದ ಮರಳು ಚೀಲಗಳನ್ನು ವಿಂಗ್ ಮೇಲೆ ಸಮನಾಗಿ ಹರಡಿ, ಕಂಬದ ಬುಡಕ್ಕೆ ಕಣ್ಣಿಟ್ಟು ನೋಡಿ. ಬುಡ ಅಲುಗಿದರೆ ಅವತ್ತು ಟ್ರ್ಯಾಕಿಗೆ ಹೋಗಬೇಡಿ.